ಬಾಡಿಗೆ ಮನೆ ಮಾರಾಟಕ್ಕೆ ಬಂತಾ? ರಿಜಿಸ್ಟ್ರೇಷನ್ ದಿನಕ್ಕೆ ಮೊದಲೇ ಮಾಡಬೇಕಾದ ಕೆಲಸಗಳು

ಒಂದು ಶನಿವಾರ ಬೆಳಿಗ್ಗೆ ಕುಕ್ಕರ್ ಮೂರನೇ ಸೀಟಿ ಹಾಕುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಒಬ್ಬ ಬ್ರೋಕರ್, ಅವರ ಹಿಂದೆ ಗಂಡ-ಹೆಂಡತಿ, ಜೊತೆಗೊಬ್ಬ ಮೇಸ್ತ್ರಿ. "ಓನರ್ ಹೇಳಿಲ್ವಾ ಮೇಡಂ? ಮನೆ ಸೇಲ್‌ಗಿದೆ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಟೇಪು ಹಿಡಿದಿದ್ದರು. ಒಗ್ಗರಣೆ ಬಾಣಲೆಯನ್ನು ನಾನೇ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟೆ. ಹಾಲಿನ ಲೆಕ್ಕದ ಕ್ಯಾಲೆಂಡರ್ ನೇತುಹಾಕಿದ್ದ ಗೋಡೆಯನ್ನು ತೋರಿಸಿ ಆ ಹೆಂಗಸು "ಇದನ್ನ ಒಡೆದುಬಿಡೋಣ ರೀ" ಅಂದರು.

ಎರಡು ತಿಂಗಳಲ್ಲಿ ಮನೆ ಬೇರೆಯವರ ಹೆಸರಿಗೆ ರಿಜಿಸ್ಟರ್ ಆಯಿತು. ನಮ್ಮ 1,20,000 ರೂಪಾಯಿ ಅಡ್ವಾನ್ಸ್ ಹಳೇ ಓನರ್ ಹತ್ತಿರವೇ ಇತ್ತು. ಕೇಳಿದರೆ "ರೇಟಿನಲ್ಲೇ ಅಡ್ಜಸ್ಟ್ ಮಾಡಿದ್ದೀನಿ, ಹೊಸಬರ ಹತ್ತಿರ ಇಸ್ಕೊಳ್ಳಿ" ಅನ್ನುತ್ತಿದ್ದರು. ಹೊಸಬರನ್ನು ಕೇಳಿದರೆ "ನಮಗೆ ಒಂದು ಪೈಸೆ ಬಂದಿಲ್ಲ" ಅನ್ನುತ್ತಿದ್ದರು. ಐದು ತಿಂಗಳು ಈ ಇಬ್ಬರ ನಡುವೆ ಓಡಾಡಿದೆ. ಕೊನೆಗೆ ದುಡ್ಡು ಬಂತು. ಅದು ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ.

ಆ ಐದು ತಿಂಗಳಲ್ಲಿ ನನಗೆ ಮನದಟ್ಟಾದ ಮಾತು ಒಂದೇ. ಬಾಡಿಗೆದಾರರ ಮಾತಿಗೆ ಬೆಲೆ ಇರುವುದು ರಿಜಿಸ್ಟ್ರೇಷನ್‌ಗೆ ಮೊದಲು. ಆಗ ಮಾರುವವರಿಗೂ ಕೊಳ್ಳುವವರಿಗೂ ನಿಮ್ಮ ಸಹಕಾರ ಬೇಕು. ಮನೆ ತೋರಿಸಬೇಕು. ಕೊಳ್ಳುವವರು ಸಾಲ ಮಾಡುತ್ತಿದ್ದರೆ ಬ್ಯಾಂಕಿನವರು ಬೆಲೆ ಕಟ್ಟಲು ಒಳಗೆ ಬರಬೇಕು. ನೀವು ಯಾವಾಗ ಖಾಲಿ ಮಾಡುತ್ತೀರಿ ಅಂತ ಅವರಿಗೆ ತಿಳಿಯಬೇಕು. ರಿಜಿಸ್ಟ್ರೇಷನ್ ಮುಗಿದ ಮರುದಿನದಿಂದ ಹಳೇ ಓನರ್‌ಗೆ ನಿಮ್ಮಿಂದ ಆಗಬೇಕಾದ್ದು ಏನೂ ಇರುವುದಿಲ್ಲ. ಅದಕ್ಕೇ ಕೆಳಗಿನ ಕೆಲಸಗಳಲ್ಲಿ ಹೆಚ್ಚಿನವನ್ನು ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ಮಾಡಿ.

ಮೊದಲು ಧೈರ್ಯಕ್ಕೆ: ಮನೆ ಮಾರಾಟವಾದರೆ ಬಾಡಿಗೆ ಕರಾರು ಮುರಿಯುವುದಿಲ್ಲ

ಬಸ್ಸಿನ ಡ್ರೈವರ್ ಬದಲಾದರೆ ನಿಮ್ಮ ಟಿಕೆಟ್ ರದ್ದಾಗುತ್ತದಾ? ಇಲ್ಲ ಅಲ್ವಾ? ಇದೂ ಹಾಗೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 109ರ ಪ್ರಕಾರ, ಮನೆ ಕೊಂಡವರು ಹಳೇ ಮಾಲೀಕರ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಹಳಬರಿಗಿದ್ದ ಹಕ್ಕು ಅವರಿಗೆ ಬರುತ್ತದೆ. ನಿಮ್ಮ ಬಾಡಿಗೆ ಎಷ್ಟು, ಅವಧಿ ಎಲ್ಲಿಯವರೆಗೆ, ನೋಟಿಸ್ ಎಷ್ಟು ದಿನ ಅನ್ನುವುದೆಲ್ಲ ಇದ್ದ ಹಾಗೇ ಮುಂದುವರಿಯುತ್ತದೆ. ಇದಕ್ಕಾಗಿ ನೀವು ಹೊಸ ಕಾಗದಕ್ಕೆ ಸಹಿ ಹಾಕಲೇಬೇಕು ಅಂತಿಲ್ಲ.

"ಬಾಡಿಗೆಗೆ ಜನ ಇರೋದು ನಮಗೆ ಗೊತ್ತೇ ಇರಲಿಲ್ಲ" ಅಂತ ಕೊಂಡವರು ಹೇಳಿದರೂ ನಡೆಯುವುದಿಲ್ಲ. ಮನೆಯಲ್ಲಿ ಯಾರು ವಾಸ ಇದ್ದಾರೋ ಅವರ ಹಕ್ಕಿನ ಬಗ್ಗೆ ಕೊಳ್ಳುವವರಿಗೆ ತಿಳಿವಳಿಕೆ ಇತ್ತು ಎಂದೇ ಅದೇ ಕಾಯ್ದೆ ಭಾವಿಸುತ್ತದೆ. ಬಂದು ನೋಡಿ ವಿಚಾರಿಸಿಕೊಳ್ಳುವುದು ಅವರ ಕೆಲಸ.

ಇನ್ನೊಂದು ಕಡೆ, ನಮ್ಮ ಜನ ಇಟ್ಟುಕೊಂಡಿರುವ ಕೆಲವು ತಪ್ಪು ನಂಬಿಕೆಗಳನ್ನೂ ಬಿಡಬೇಕು. ಮಾರಾಟ ತಡೆಯುವ ಹಕ್ಕು ಬಾಡಿಗೆದಾರರಿಗಿಲ್ಲ. "ಮೊದಲು ನನಗೇ ಮಾರಬೇಕು" ಅನ್ನುವ ಹಕ್ಕು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಂಟು. ಹನ್ನೆರಡು ವರ್ಷ ಬಾಡಿಗೆಗಿದ್ದರೆ ಮನೆ ನಮ್ಮದೇ ಆಗುತ್ತದೆ ಅನ್ನುವುದಂತೂ ಪೂರ್ತಿ ಸುಳ್ಳು. ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಂದ ಇರುವವರು. ಎಷ್ಟು ವರ್ಷ ಇದ್ದರೂ ಅದು ಬಾಡಿಗೆಯೇ.

ಹೆಜ್ಜೆ 1: ಇವತ್ತು ರಾತ್ರಿ ಕರಾರು ತೆಗೆದು ಓದಿ

ಬೀರುವಿನಲ್ಲಿ ಗ್ಯಾಸ್ ಪುಸ್ತಕದ ಜೊತೆ ಇಟ್ಟಿರುತ್ತೀರಿ. ತೆಗೆಯಿರಿ. ಅದರಲ್ಲಿ ನಾಲ್ಕು ವಿಷಯ ಹುಡುಕಿ. ಅವಧಿ ಯಾವತ್ತು ಮುಗಿಯುತ್ತದೆ? ನೋಟಿಸ್ ಎಷ್ಟು ತಿಂಗಳು? ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ, ಯಾವ ರೀತಿ ಕೊಟ್ಟಿದ್ದೀರಿ ಅಂತ ಬರೆದಿದೆಯಾ? ಮನೆ ಮಾರಿದರೆ ಏನು ಅನ್ನುವ ಷರತ್ತು ಇದೆಯಾ? "ಮಾರಾಟವಾದಲ್ಲಿ ಒಂದು ತಿಂಗಳೊಳಗೆ ಖಾಲಿ ಮಾಡತಕ್ಕದ್ದು" ಅಂತ ಬರೆದು ನೀವು ಸಹಿ ಹಾಕಿದ್ದರೆ ಅದಕ್ಕೆ ನೀವು ಬದ್ಧರು.

ಕರ್ನಾಟಕದಲ್ಲಿ ಹೆಚ್ಚಿನ ಕರಾರುಗಳು 11 ತಿಂಗಳಿಗೆ ಇರುತ್ತವೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಈ ಹನ್ನೊಂದು ತಿಂಗಳ ಲೆಕ್ಕ. ಇಲ್ಲಿ ಜಾಗ್ರತೆ ಬೇಕು. ಮೂರು ವರ್ಷಕ್ಕೆ ಅಂತ ಬರೆದು ಬರೀ ನೋಟರಿ ಮಾಡಿಸಿದ್ದರೆ, ಆ ಮೂರು ವರ್ಷದ ಭರವಸೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಅದನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದೇ ನೋಡುತ್ತಾರೆ. 11 ತಿಂಗಳು ಮುಗಿದು, ಹೊಸದು ಬರೆಯದೆ, ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದರೂ ಅಷ್ಟೇ. ನೀವು ಬಾಡಿಗೆದಾರರು ಹೌದು. ಆದರೆ ತಿಂಗಳ ಲೆಕ್ಕದ ಬಾಡಿಗೆದಾರರು.

ತಿಂಗಳ ಲೆಕ್ಕದ ಬಾಡಿಗೆಗೆ, ಕರಾರಿನಲ್ಲಿ ಬೇರೆ ಏನೂ ಇಲ್ಲದಿದ್ದರೆ, ಸೆಕ್ಷನ್ 106ರ ಪ್ರಕಾರ 15 ದಿನದ ನೋಟಿಸ್ ಸಾಕು. ಅದು ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಮೆಟ್ಟಿಲ ಮೇಲೆ ನಿಂತು "ಮುಂದಿನ ತಿಂಗಳು ಖಾಲಿ ಮಾಡ್ಬಿಡಿ" ಅಂದರೆ ಅದು ನೋಟಿಸ್ ಆಗುವುದಿಲ್ಲ. ಕರಾರಿನಲ್ಲಿ ಎರಡು ತಿಂಗಳು ಅಂತ ಬರೆದಿದ್ದರೆ ಎರಡು ತಿಂಗಳೇ ಲೆಕ್ಕ.

1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಹೆಸರನ್ನೂ ಕೇಳಿರುತ್ತೀರಿ. ಅದರಲ್ಲಿ ಬಾಡಿಗೆದಾರರನ್ನು ಬಿಡಿಸುವುದಕ್ಕೆ ಬಿಗಿಯಾದ ಕಾರಣಗಳು ಬೇಕು. ಆದರೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ, ಉಳಿದ ಕಡೆ 2,000 ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಇವತ್ತಿನ ಬಾಡಿಗೆ ನೋಡಿದರೆ ನಮ್ಮಲ್ಲಿ ಹೆಚ್ಚಿನವರು ಅದರ ಹೊರಗೇ ಇದ್ದೇವೆ. 2021ರ ಮಾದರಿ ಬಾಡಿಗೆ ಕಾಯ್ದೆ, "ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವ ಹಾಗಿಲ್ಲ" ಅಂತ ವಾಟ್ಸಾಪಿನಲ್ಲಿ ಸುತ್ತುವ ಮೆಸೇಜು, ಇದೆಲ್ಲ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಬಲ. ಅದನ್ನು ನಂಬಿಕೊಂಡು ಓನರ್ ಜೊತೆ ವಾದಕ್ಕೆ ಇಳಿಯಬೇಡಿ.

ಹೆಜ್ಜೆ 2: ಮನೆ ತೋರಿಸಲು ಸಮಯ ಗೊತ್ತು ಮಾಡಿ

ಬಾಡಿಗೆ ಕಟ್ಟಿ ಷರತ್ತು ಪಾಲಿಸುವವರು ಮನೆಯಲ್ಲಿ ನೆಮ್ಮದಿಯಾಗಿರಬಹುದು ಅನ್ನುವುದು ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 108ರಲ್ಲೇ ಇದೆ. ಹೇಳದೆ ಕೇಳದೆ ಬ್ರೋಕರ್ ಒಳಗೆ ನುಗ್ಗುವ ಹಾಗಿಲ್ಲ. ಹಾಗಂತ ಬಾಗಿಲೇ ತೆಗೆಯುವುದಿಲ್ಲ ಅಂತ ಹಟ ಹಿಡಿಯಬೇಡಿ. ಅದರಿಂದ ನಿಮಗೇ ನಷ್ಟ. ಓನರ್‌ಗೆ ಒಂದು ಮೆಸೇಜ್ ಹಾಕಿ: "ಶನಿವಾರ, ಭಾನುವಾರ 11ರಿಂದ 1 ಗಂಟೆ ಒಳಗೆ ತೋರಿಸಬಹುದು. ಹಿಂದಿನ ದಿನ ಫೋನ್ ಮಾಡಿ. ಬೆಡ್‌ರೂಮಿನ ಫೋಟೋ, ವಿಡಿಯೋ ಬೇಡ." ಅದೇ ಮೆಸೇಜಿನಲ್ಲಿ ಇನ್ನೊಂದು ಸಾಲು ಸೇರಿಸಿ: "ನಮ್ಮ ಅಡ್ವಾನ್ಸ್ 1,20,000 ರೂಪಾಯಿ ವಿಷಯ ರಿಜಿಸ್ಟ್ರೇಷನ್‌ಗೆ ಮುಂಚೆ ಕೂತು ಮಾತಾಡೋಣ."

ಈ ಎರಡನೇ ಸಾಲು ಸುಮ್ನೆ ಬರೆದ ಸಾಲಲ್ಲ. ಅದಕ್ಕೆ ಓನರ್ "ಆಯ್ತು" ಅಂತ ಉತ್ತರ ಕೊಟ್ಟರೂ ಸಾಕು. ಇಷ್ಟು ಅಡ್ವಾನ್ಸ್ ತಮ್ಮ ಹತ್ತಿರ ಇದೆ ಅಂತ ಅವರು ಒಪ್ಪಿದ್ದಕ್ಕೆ ಒಂದು ಗುರುತು ಸಿಕ್ಕ ಹಾಗೆ.

ಹೆಜ್ಜೆ 3: ಅಡ್ವಾನ್ಸ್

ಇಲ್ಲಿ ನಿಧಾನವಾಗಿ ಓದಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡುವ ರೂಢಿ ಬಹಳ ಕಾಲದಿಂದ ಇದೆ. ಈಗ ಐದಾರು ತಿಂಗಳಿಗೂ ಒಪ್ಪುವವರಿದ್ದಾರೆ. ಎಷ್ಟೇ ಆಗಲಿ, ಒಂದು ಮಧ್ಯಮ ವರ್ಗದ ಮನೆಗೆ ಅದು ದೊಡ್ಡ ದುಡ್ಡು. ಮುಂದಿನ ಮನೆಗೆ ಅಡ್ವಾನ್ಸ್ ಕೊಡಲು ಹೆಚ್ಚಿನವರು ಕಾಯುವುದು ಇದೇ ದುಡ್ಡಿಗೆ.

ಮಾರಾಟದ ಸಮಯದಲ್ಲಿ ಈ ದುಡ್ಡಿಗೆ ಎರಡು ದಾರಿ. ಒಂದು, ಹಳೇ ಓನರ್ ನಿಮಗೆ ವಾಪಸ್ ಕೊಡುತ್ತಾರೆ, ನೀವು ಹೊಸಬರಿಗೆ ಕೊಡುತ್ತೀರಿ. ಎರಡು, ಹಳಬರು ಹೊಸಬರಿಗೇ ವರ್ಗ ಮಾಡುತ್ತಾರೆ. ಸಾಮಾನ್ಯವಾಗಿ ಮನೆಯ ಬೆಲೆಯಲ್ಲಿ ಅಷ್ಟು ಕಳೆದುಕೊಳ್ಳುತ್ತಾರೆ. ನನಗೆ ಮೊದಲನೆಯದೇ ಇಷ್ಟ, ಯಾಕೆಂದರೆ ದುಡ್ಡು ನಿಮ್ಮ ಕಣ್ಣೆದುರು ಕೈ ಬದಲಾಯಿಸುತ್ತದೆ. ಆದರೆ ನಡೆಯುವುದು ಹೆಚ್ಚಾಗಿ ಎರಡನೆಯದು.

ಎರಡನೇ ದಾರಿಯಾದರೆ ಮೂವರ ಸಹಿ ಇರುವ ಒಂದು ಪತ್ರ ಬೇಕೇ ಬೇಕು. ಯಾಕೆ ಅಂದರೆ, ಸೆಕ್ಷನ್ 109ರಲ್ಲಿ ಬಾಡಿಗೆದಾರರಿಗೆ ಒಂದು ಆಯ್ಕೆ ಇದೆ. ಮಾಲೀಕರ ಹೊಣೆಗಳಿಗೆ ಹೊಸಬರೇ ಜವಾಬ್ದಾರರು ಅಂತ ನೀವು ಒಪ್ಪಬಹುದು. ನೀವು ಹಾಗೆ ಒಪ್ಪದ ಹೊರತು, ಮನೆ ಮಾರಿದ ಮಾತ್ರಕ್ಕೆ ಹಳೇ ಮಾಲೀಕರ ಹೊಣೆ ಕಳೆಯುವುದಿಲ್ಲ. ಅಂದರೆ "ನಾನು ಮಾರಿಬಿಟ್ಟೆ, ನನಗೆ ಸಂಬಂಧ ಇಲ್ಲ" ಅನ್ನಲು ಅವರಿಗೆ ಬರುವುದಿಲ್ಲ. ಅಡ್ವಾನ್ಸ್ ಇಂಥ ಹೊಣೆಗಳಲ್ಲಿ ಸೇರುತ್ತದಾ, ಹೊಸಬರು ಕೈಗೆ ಬಾರದ ದುಡ್ಡನ್ನು ಕೊಡಬೇಕಾ ಅಂತ ವಕೀಲರು ಕೋರ್ಟಿನಲ್ಲಿ ಎರಡೂ ಕಡೆ ವಾದ ಮಾಡಬಹುದು. ಆ ವಾದಕ್ಕೆ ಜಾಗವೇ ಇಲ್ಲದ ಹಾಗೆ ಬರೆಸಿಕೊಳ್ಳುವುದು ಜಾಣತನ. ಹೊಸಬರು "ಬಂದಿದೆ" ಅಂತ ಬರೆದುಕೊಡುವವರೆಗೆ "ಹಳೇ ಮಾಲೀಕರಿಂದ ನನಗೆ ಏನೂ ಬಾಕಿ ಇಲ್ಲ" ಅನ್ನುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ರಿಜಿಸ್ಟ್ರೇಷನ್ ಗಡಿಬಿಡಿಯಲ್ಲಿ ಇಂಥ ಕಾಗದ ಮುಂದಿಡುತ್ತಾರೆ.

ಪತ್ರ ಹೀಗಿದ್ದರೆ ಸಾಕು:

"ಈ ಮನೆಯ ಮಾಲೀಕನಾದ ನಾನು, ಬಾಡಿಗೆದಾರರಿಂದ ಇಂಥ ದಿನ ಬ್ಯಾಂಕ್ ಮೂಲಕ 1,20,000 ರೂಪಾಯಿ ಅಡ್ವಾನ್ಸ್ ಪಡೆದಿದ್ದೇನೆ. ಮನೆಯನ್ನು ಈ ಕೆಳಗೆ ಸಹಿ ಮಾಡಿದ ಖರೀದಿದಾರರಿಗೆ ಮಾರುತ್ತಿದ್ದು, ಅಡ್ವಾನ್ಸಿನ ಪೂರ್ತಿ ಮೊತ್ತವನ್ನು ಅವರಿಗೆ ವರ್ಗಾಯಿಸಿದ್ದೇನೆ. ಖರೀದಿದಾರನಾದ ನಾನು ಈ ಮೊತ್ತ ನನಗೆ ಸಂದಿದೆ ಎಂದು ಒಪ್ಪುತ್ತೇನೆ. ಬಾಡಿಗೆದಾರರು ಮನೆ ಖಾಲಿ ಮಾಡುವ ದಿನ, ಈಗಿರುವ ಬಾಡಿಗೆ ಕರಾರಿನ ಪ್ರಕಾರ ಅದನ್ನು ಹಿಂದಿರುಗಿಸುವ ಹೊಣೆ ನನ್ನದು. ಅಲ್ಲಿಯವರೆಗೆ ಕರಾರಿನ ಷರತ್ತುಗಳು ಹಾಗೇ ಮುಂದುವರಿಯುತ್ತವೆ."

ಕೆಳಗೆ ಮೂವರ ಸಹಿ, ತಾರೀಖು, ಇಬ್ಬರು ಸಾಕ್ಷಿ. ಹಳೇ ಕರಾರಿನ ಒಂದು ಜೆರಾಕ್ಸ್ ಲಗತ್ತಿಸಿ. ಮೂವರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಇದಕ್ಕೆ ಸರಿಯಾದ ಸಮಯ ಮಾರಾಟದ ಅಗ್ರಿಮೆಂಟ್ ಆದ ಮೇಲೆ, ರಿಜಿಸ್ಟ್ರೇಷನ್‌ಗೆ ಮೊದಲು. ಕೊಳ್ಳುವವರು ಕೂಡ ಇದನ್ನು ಬೇಡ ಅನ್ನುವುದಿಲ್ಲ. ಅಡ್ವಾನ್ಸ್ ಎಷ್ಟಿದೆ ಅಂತ ಅವರಿಗೂ ಖಚಿತ ಆಗಬೇಕಲ್ಲ.

ಅಡ್ವಾನ್ಸ್ ನಗದು ಕೊಟ್ಟು ರಸೀದಿ ಇಲ್ಲದವರು ಏನು ಮಾಡಬೇಕು? ಕರಾರಿನಲ್ಲಿ ಮೊತ್ತ ಬರೆದಿದ್ದರೆ ಅದೇ ಸಾಕ್ಷಿ. ಅದೂ ಇಲ್ಲದಿದ್ದರೆ ಈಗಲೇ, ಸಂಬಂಧ ಚೆನ್ನಾಗಿರುವಾಗಲೇ, ಮೆಸೇಜಿನಲ್ಲಿ ಮೊತ್ತ ಬರೆದು ಉತ್ತರ ಪಡೆಯಿರಿ.

ನಮ್ಮ ದುಡ್ಡು ಹೇಗೆ ಬಂತು ಅಂದೆನಲ್ಲ. ನಾವು ಬ್ಯಾಂಕಿನಿಂದ ಕಳಿಸಿದ ದಾಖಲೆ ಇತ್ತು. ಅದರ ಜೊತೆ, ಬಹಳ ಹಿಂದೆ ಯಾವುದೋ ನಲ್ಲಿ ರಿಪೇರಿ ಮಾತಿನ ನಡುವೆ ಹಳೇ ಓನರ್ ಕಳಿಸಿದ್ದ ಒಂದು ಮೆಸೇಜ್ ಸಿಕ್ಕಿತು: "ನಿಮ್ಮ 1.20 ಅಡ್ವಾನ್ಸ್ ಸೇಫ್ ಆಗಿದೆ, ಯೋಚನೆ ಮಾಡ್ಬೇಡಿ." ಅದರ ಪ್ರಿಂಟ್ ತೆಗೆದು, ವಕೀಲರೊಬ್ಬರಿಂದ ಒಂದು ಪುಟದ ನೋಟಿಸ್ ಬರೆಸಿ, ಸ್ಪೀಡ್ ಪೋಸ್ಟಿನಲ್ಲಿ ಇಬ್ಬರಿಗೂ ಕಳಿಸಿದೆವು. ಹನ್ನೆರಡನೇ ದಿನ ಹಳೇ ಓನರ್ ಫೋನ್ ಮಾಡಿ ಅಕೌಂಟ್ ನಂಬರ್ ಕೇಳಿದರು. ನಿಮಗೂ ಆ ಪರಿಸ್ಥಿತಿ ಬಂದರೆ ಇದೇ ದಾರಿ: ಮೊದಲು ನೋಟಿಸ್, ಆಮೇಲೂ ಕೊಡದಿದ್ದರೆ ವಸೂಲಿ ದಾವೆ. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು ಇರುತ್ತದೆ. ಅಷ್ಟು ದಿನ ಕಾಯುತ್ತಾ ಕೂರಬೇಡಿ.

"ಕೊನೆಯ ಕೆಲವು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸಿನಲ್ಲಿ ವಜಾ ಹಾಕಿಕೊಳ್ಳಲಾ?" ಅಂತ ಬಹಳ ಜನ ಕೇಳುತ್ತಾರೆ. ಓನರ್ ಬರವಣಿಗೆಯಲ್ಲಿ ಒಪ್ಪಿದರೆ ಧಾರಾಳವಾಗಿ ಮಾಡಿ. ದುಡ್ಡು ವಾಪಸ್ ಬರುವ ಬಗ್ಗೆ ಅನುಮಾನ ಇದ್ದರೆ ಇದು ಬಹಳ ಒಳ್ಳೆಯ ಒಪ್ಪಂದ. ಒಪ್ಪಿಗೆ ಇಲ್ಲದೆ ನೀವಾಗಿ ನಿಲ್ಲಿಸಿದರೆ ಮಾತ್ರ ಬಾಡಿಗೆ ಬಾಕಿದಾರರು ಅನ್ನಿಸಿಕೊಳ್ಳುತ್ತೀರಿ. ಅದನ್ನೇ ಕಾರಣ ಮಾಡಿಕೊಂಡು ಹೊಸಬರು ನಿಮ್ಮನ್ನು ಬಿಡಿಸಲು ಹೊರಡಬಹುದು.

ಹೆಜ್ಜೆ 4: ಬಾಡಿಗೆ ಯಾರಿಗೆ ಕಟ್ಟಬೇಕು?

ಯಾರೋ ಬಂದು "ನಾನೇ ಹೊಸ ಓನರ್, ಈ ನಂಬರಿಗೆ ಬಾಡಿಗೆ ಹಾಕಿ" ಅಂದ ಕೂಡಲೇ ಹಾಕಬೇಡಿ. ಬರೀ ಮಾರಾಟದ ಅಗ್ರಿಮೆಂಟ್ ಆಗಿದ್ದರೆ ಅವರು ಇನ್ನೂ ಮಾಲೀಕರಲ್ಲ. ಕ್ರಯಪತ್ರ ನೋಂದಣಿ ಆದ ಮೇಲೆ ಮಾತ್ರ ಒಡೆತನ ಬರುತ್ತದೆ. ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹಾರ ಮಾಡಲು ಕೊಟ್ಟ ಅಧಿಕಾರ ಪತ್ರ, ತೋರಿಸಿ "ಇದೇ ಸೇಲ್" ಅಂದರೂ ಒಪ್ಪಬೇಡಿ. ಜಿಪಿಎ ಮೂಲಕ ಒಡೆತನ ವರ್ಗವಾಗುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಎರಡು ಕಾಗದ ಕೇಳಿ. ಒಂದು, ಹಳೇ ಮಾಲೀಕರಿಂದ "ಇಂಥ ತಾರೀಖಿನಿಂದ ಬಾಡಿಗೆ ಇವರಿಗೆ ಕೊಡಿ" ಅನ್ನುವ ಪತ್ರ ಅಥವಾ ಕನಿಷ್ಠ ಮೆಸೇಜ್. ಎರಡು, ಕ್ರಯಪತ್ರದ ಮೊದಲ ಪುಟ ಮತ್ತು ನೋಂದಣಿ ಮುದ್ರೆ ಇರುವ ಪುಟದ ಜೆರಾಕ್ಸ್. ಬೆಲೆ ಬರೆದ ಪುಟ ತೋರಿಸಲು ಅವರಿಗೆ ಇಷ್ಟ ಇಲ್ಲದಿದ್ದರೆ ಬಿಡಲಿ, ನಮಗೆ ಅದು ಬೇಕಿಲ್ಲ. ನೀವೇ ನೋಡಬೇಕು ಅಂತಿದ್ದರೆ, ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ತಾಣದಲ್ಲಿ ಆ ಆಸ್ತಿಯ ಋಣಭಾರ ಪತ್ರ, ಅಂದರೆ ಇಸಿ ತೆಗೆಸಬಹುದು. ಮನೆ ಯಾರಿಂದ ಯಾರಿಗೆ ಯಾವತ್ತು ಹೋಯಿತು ಅಂತ ಅದರಲ್ಲಿ ಬರುತ್ತದೆ. ನೋಂದಣಿಯಾದ ಅಡಮಾನಗಳೂ ಕಾಣುತ್ತವೆ.

ಮಾರಾಟವಾದದ್ದು ತಿಳಿಯದೆ ನೀವು ಹಳೇ ಓನರ್‌ಗೇ ಬಾಡಿಗೆ ಹಾಕಿಬಿಟ್ಟಿದ್ದರೆ ಹೆದರಬೇಡಿ. ಗೊತ್ತಿಲ್ಲದೆ ಕಟ್ಟಿದ ಬಾಡಿಗೆಯನ್ನು ಹೊಸಬರಿಗೆ ಇನ್ನೊಮ್ಮೆ ಕಟ್ಟಬೇಕಿಲ್ಲ ಅಂತ ಸೆಕ್ಷನ್ 109 ಸ್ಪಷ್ಟವಾಗಿ ಹೇಳುತ್ತದೆ. ಅವರಿಬ್ಬರು ಲೆಕ್ಕ ಮಾಡಿಕೊಳ್ಳಲಿ. ಮಾರಾಟಕ್ಕೆ ಹಿಂದಿನ ಬಾಕಿ ಬಾಡಿಗೆ ಇದ್ದರೆ ಅದು ಸಾಮಾನ್ಯವಾಗಿ ಹಳಬರಿಗೇ ಸೇರಬೇಕಾದ್ದು. ಆದರೆ ಮಾರಾಟದ ವಿಷಯ ತಿಳಿದ ಮೇಲೂ ಹಳಬರಿಗೇ ಕಟ್ಟುತ್ತಾ ಹೋದರೆ ಈ ರಕ್ಷಣೆ ಸಿಗುವುದಿಲ್ಲ.

ಇಬ್ಬರೂ "ನನಗೇ ಕೊಡಿ" ಅನ್ನುತ್ತಿದ್ದಾರಾ? ಇಬ್ಬರಿಗೂ ಒಂದೇ ಪತ್ರ ಬರೆಯಿರಿ: "ಬಾಡಿಗೆ ಸಿದ್ಧವಾಗಿದೆ. ಯಾರಿಗೆ ಕೊಡಬೇಕೆಂದು ಇಬ್ಬರೂ ಸಹಿ ಮಾಡಿ ತಿಳಿಸಿ." ಪ್ರತಿ ತಿಂಗಳೂ ಆ ಮೊತ್ತವನ್ನು ಬೇರೆ ಅಕೌಂಟಿನಲ್ಲಿ ಹಾಕಿಡಿ, ಖರ್ಚು ಮಾಡಬೇಡಿ. ಜಗಳ ಮುಂದುವರಿದರೆ ವಕೀಲರ ಮೂಲಕ ಕೋರ್ಟಿನಲ್ಲಿ ಠೇವಣಿ ಇಡುವ ದಾರಿ ಇದೆ.

ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಎಚ್‌ಆರ್‌ಎಗೆ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ, ತೆರಿಗೆ ವಿನಾಯಿತಿ ಕೇಳುವವರು ವರ್ಷಕ್ಕೆ ಒಂದು ಲಕ್ಷ ದಾಟಿದ ಬಾಡಿಗೆಗೆ ಓನರ್ ಪ್ಯಾನ್ ಕೊಡಬೇಕು. ವರ್ಷದ ನಡುವೆ ಓನರ್ ಬದಲಾದರೆ ಇಬ್ಬರ ಪ್ಯಾನ್, ಇಬ್ಬರ ರಸೀದಿ ಬೇಕು. ಹಳೇ ಓನರ್ ಮಾರ್ಚ್ ತಿಂಗಳಲ್ಲಿ ಫೋನ್ ಎತ್ತುತ್ತಾರೋ ಇಲ್ಲವೋ, ಅವರ ರಸೀದಿಗಳನ್ನು ಮಾರಾಟದ ದಿನವೇ ಇಸ್ಕೊಂಡುಬಿಡಿ. ತಿಂಗಳಿಗೆ 50,000 ದಾಟಿದ ಬಾಡಿಗೆ ಇದ್ದರೆ 2% ಟಿಡಿಎಸ್ (ಬಾಡಿಗೆಯಲ್ಲೇ ಕಳೆದು ನೀವು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು, ಇಬ್ಬರ ಲೆಕ್ಕವೂ ಬೇರೆ ಬೇರೆ. ಕೊಂಡವರು ವಿದೇಶದಲ್ಲಿ ನೆಲೆಸಿದವರಾದರೆ ಟಿಡಿಎಸ್ ನಿಯಮವೇ ಬೇರೆ, ದರ ಬಹಳ ಜಾಸ್ತಿ. ಮೊದಲ ಬಾಡಿಗೆ ಕಟ್ಟುವ ಮುಂಚೆ ಆಡಿಟರ್ ಒಬ್ಬರನ್ನು ಕೇಳಿ.

ಹೆಜ್ಜೆ 5: ಹೊಸ ಕರಾರು, ಹೊಸ ಬಾಡಿಗೆ

ಹೊಸ ಓನರ್ ಬಂದ ತಕ್ಷಣ "ಬಾಡಿಗೆ ಮೂರು ಸಾವಿರ ಜಾಸ್ತಿ" ಅನ್ನಬಹುದು. ಕರಾರಿನ ಅವಧಿ ಇನ್ನೂ ಇದ್ದರೆ, ಅದರಲ್ಲಿ ಬರೆದ ಹೆಚ್ಚಳ ಬಿಟ್ಟು ಬೇರೆ ಹೆಚ್ಚಳಕ್ಕೆ ನೀವು ಒಪ್ಪಬೇಕಿಲ್ಲ. ಅವಧಿ ಮುಗಿದಿದ್ದರೆ ಮಾತುಕತೆ ಆಗಲೇಬೇಕು. ಆಗ ಹೊಸ ಕರಾರು ಬರೆಸುವುದು ನಿಮಗೂ ಒಳ್ಳೆಯದೇ. ಅದರಲ್ಲಿ ಅಡ್ವಾನ್ಸ್ ಮೊತ್ತ ಹೊಸಬರ ಹತ್ತಿರ ಇದೆ ಅನ್ನುವುದು, ಎರಡು ತಿಂಗಳ ನೋಟಿಸ್, ಪೇಂಟಿಂಗ್ ಖರ್ಚು ಎಷ್ಟು ಅನ್ನುವುದು ಅಂಕಿಯಲ್ಲಿ ಬರಲಿ.

ಹೆಜ್ಜೆ 6: "ಖಾಲಿ ಮಾಡಿ" ಅಂದರೆ

ಹೆಚ್ಚಿನ ಸಲ ಮನೆ ಕೊಂಡವರು ತಾವೇ ಬಂದು ಇರಲು ಕೊಂಡಿರುತ್ತಾರೆ. ಅವರೂ ಎಲ್ಲೋ ಬಾಡಿಗೆಗಿರುತ್ತಾರೆ, ಮೇಲೆ ಸಾಲದ ಕಂತು ಶುರುವಾಗಿರುತ್ತದೆ. ಗೃಹಪ್ರವೇಶಕ್ಕೆ ಮುಹೂರ್ತ ನೋಡಿಸಿರುತ್ತಾರೆ. ಇದನ್ನು ಅರ್ಥ ಮಾಡಿಕೊಂಡು ಮಾತಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಿಮ್ಮ ಕಷ್ಟವನ್ನೂ ಹೇಳಿ. ಮಕ್ಕಳ ಪರೀಕ್ಷೆ ಮಾರ್ಚಿಗೆ ಮುಗಿಯುತ್ತದೆ, ಆಷಾಢದಲ್ಲಿ ಮನೆ ಬದಲಾಯಿಸುವುದಿಲ್ಲ, ಅಮ್ಮನಿಗೆ ಆಪರೇಷನ್ ಆಗಿದೆ, ಹೀಗೆ ಇರುವುದನ್ನು ಇದ್ದ ಹಾಗೆ ಹೇಳಿ ಒಂದು ತಾರೀಖು ಕೊಡಿ. ಆ ತಾರೀಖಿಗೆ ಬದಲಾಗಿ ಏನಾದರೂ ಕೇಳಿ: ಖಾಲಿ ಮಾಡುವ ಹದಿನೈದು ದಿನ ಮುಂಚೆ ಅರ್ಧ ಅಡ್ವಾನ್ಸ್, ಅಥವಾ ಸಾಗಣೆ ಖರ್ಚು, ಅಥವಾ ಪೇಂಟಿಂಗ್ ಕಡಿತ ಬೇಡ ಅಂತ. ಹೇಗೂ ಗೋಡೆ ಒಡೆಯುವವರು ಪೇಂಟಿಂಗ್ ದುಡ್ಡು ಹಿಡಿಯುವುದರಲ್ಲಿ ನ್ಯಾಯ ಇಲ್ಲ. ಒಪ್ಪಿದ್ದನ್ನು ಬರೆದಿಟ್ಟುಕೊಳ್ಳಿ.

ಮಾತು ಫಲಿಸದಿದ್ದರೆ ಅವರು ಬರವಣಿಗೆಯ ನೋಟಿಸ್ ಕೊಡಬೇಕು. ನೋಟಿಸಿನ ಅವಧಿ ಮುಗಿದರೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಿ ಆದೇಶ ತರಬೇಕು. ಹಾಗೆ ತರದೆ ನಿಮ್ಮ ಸಾಮಾನು ಹೊರಗೆ ಹಾಕುವುದು, ಬೀಗ ಬದಲಾಯಿಸುವುದು, ಕರೆಂಟು ಅಥವಾ ನೀರು ಕಟ್ ಮಾಡುವುದು ಕಾನೂನಿಗೆ ವಿರುದ್ಧ. ಕೋರ್ಟು ನಿಧಾನ ಅಂತ ಲೆಕ್ಕ ಹಾಕಿ ವರ್ಷಗಟ್ಟಲೆ ಕೂರುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಬಾಡಿಗೆ ಮುಗಿದ ಮೇಲೂ ಕೂತ ದಿನಗಳಿಗೆ ಕೋರ್ಟು ನಷ್ಟ ಕಟ್ಟಿಕೊಡಿ ಅನ್ನಬಹುದು, ಅದು ಬಾಡಿಗೆಗಿಂತ ಜಾಸ್ತಿಯೂ ಆಗಬಹುದು.

ಬೆದರಿಕೆ ಶುರುವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ, 112ಕ್ಕೆ ಫೋನ್ ಮಾಡಿ. ಸ್ಟೇಷನ್ನಿನಲ್ಲಿ "ಇದು ಸಿವಿಲ್ ಮ್ಯಾಟರ್" ಅಂತ ಕಳಿಸಲು ನೋಡಬಹುದು. ಬಾಡಿಗೆ ವಿವಾದ ಸಿವಿಲ್ ನಿಜ. ಆದರೆ ಮನೆಗೆ ನುಗ್ಗುವುದು, ದಾರಿ ತಡೆಯುವುದು, ಜೀವ ಬೆದರಿಕೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ದೂರಿನಲ್ಲಿ ಬಾಡಿಗೆಯ ಕಥೆ ಎರಡು ಸಾಲು ಸಾಕು. ಯಾವ ದಿನ, ಎಷ್ಟು ಗಂಟೆಗೆ, ಯಾರು ಏನು ಮಾಡಿದರು ಅನ್ನುವುದೇ ಮುಖ್ಯವಾಗಿ ಬರಲಿ. ದೂರು ಕೊಟ್ಟ ಸ್ವೀಕೃತಿ ಪಡೆದೇ ಬನ್ನಿ.

ಹೊರಗೆ ಹಾಕುತ್ತಾರೆ ಅನ್ನುವ ಭಯ ಇದ್ದರೆ ಮೊದಲೇ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ಕೇಳಬಹುದು. ಹೊರಗೆ ಹಾಕಿಯೇಬಿಟ್ಟಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರ ಅಡಿ ಆರು ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ವಾಪಸ್ ಪಡೆಯಬಹುದು. ಅಲ್ಲಿ ಮನೆ ಯಾರದು ಅನ್ನುವ ಪ್ರಶ್ನೆ ಬರುವುದಿಲ್ಲ. ನೀವು ಅಲ್ಲಿದ್ದಿರಿ, ಕಾನೂನು ಬಿಟ್ಟು ನಿಮ್ಮನ್ನು ಹೊರಹಾಕಿದರು ಅನ್ನುವುದು ಸಾಬೀತಾದರೆ ಸಾಕು. ವಕೀಲರ ಖರ್ಚು ಭಾರ ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಭೋಗ್ಯಕ್ಕೆ ಇರುವವರು ಇದನ್ನು ಎರಡು ಸಲ ಓದಿ

ಹತ್ತು, ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಎರಡು-ಮೂರು ವರ್ಷ ಇರುವ ಪದ್ಧತಿಯನ್ನು ಕೆಲವರು ಭೋಗ್ಯ ಅನ್ನುತ್ತಾರೆ, ಬೆಂಗಳೂರಿನಲ್ಲಿ ಲೀಸ್ ಅಂತಲೇ ಹೆಸರು. ಮಾರಾಟದಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಇವರೇ. ಭೋಗ್ಯದ ಅಡಮಾನ ಕಾನೂನಿನಲ್ಲಿ ನಿಲ್ಲಬೇಕಾದರೆ ಪತ್ರ ನೋಂದಣಿ ಆಗಿರಬೇಕು, ಇಬ್ಬರು ಸಾಕ್ಷಿ ಇರಬೇಕು. ನೋಂದಣಿ ಆಗಿದ್ದರೆ ಇಸಿಯಲ್ಲಿ ಕಾಣುತ್ತದೆ, ಕೊಂಡವರು ನಿಮ್ಮ ದುಡ್ಡು ತೀರಿಸದೆ ನಿಮ್ಮನ್ನು ಬಿಡಿಸಲಾಗದು. ಬರೀ ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದ್ದರೆ ನಿಮ್ಮ ಸ್ಥಿತಿ ಬಹಳ ದುರ್ಬಲ. ಮನೆ ಮಾರಾಟಕ್ಕಿದೆ ಅಂತ ಕೇಳಿದ ದಿನವೇ ವಕೀಲರ ಹತ್ತಿರ ಹೋಗಿ. ಮಾರುವವರಿಗೂ ಕೊಳ್ಳುವವರಿಗೂ ನಿಮ್ಮ ಮೊತ್ತ ನಮೂದಿಸಿ ನೋಟಿಸ್ ಕೊಡಿಸಿ. ಇಷ್ಟು ದೊಡ್ಡ ಮೊತ್ತ ಇರುವಾಗ ಕೊಳ್ಳುವವರು ಬೆಲೆಯಲ್ಲಿ ಅದನ್ನು ಹಿಡಿದಿಟ್ಟು ನೇರವಾಗಿ ನಿಮಗೇ ಕೊಡುವ ಹಾಗೆ ಮಾತಾಡುವುದು ಎಲ್ಲಕ್ಕಿಂತ ಕ್ಷೇಮ.

ಓನರ್ ಸಾಲ ಕಟ್ಟದೆ ಬ್ಯಾಂಕೇ ಮನೆ ಹರಾಜು ಹಾಕುವುದು ಇನ್ನೊಂದು ರೀತಿಯ ಮಾರಾಟ. ಅದು ನಡೆಯುವುದು 2002ರ ಸರ್ಫೇಸಿ ಕಾಯ್ದೆಯ ಕೆಳಗೆ. ಗೇಟಿಗೆ ನೋಟಿಸ್ ಅಂಟಿಸಿರುತ್ತಾರೆ, ಪತ್ರಿಕೆಯಲ್ಲೂ ಪ್ರಕಟಣೆ ಬರುತ್ತದೆ. ಅದನ್ನು ಓನರ್ ವಿಷಯ ಅಂತ ಬಿಡಬೇಡಿ, ಫೋಟೋ ತೆಗೆದು ತಾರೀಖು ಬರೆದಿಡಿ. ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, 45 ದಿನದೊಳಗೆ ಅರ್ಜಿ ಹಾಕಬಹುದು. ನಿಮ್ಮ ಬಾಡಿಗೆ ಬ್ಯಾಂಕಿನ ಅಡಮಾನಕ್ಕಿಂತ ಮೊದಲಿನದಾ, ಅವಧಿ ಇನ್ನೂ ಇದೆಯಾ, ಬ್ಯಾಂಕ್ ನೋಟಿಸ್ ಕೊಟ್ಟ ಮೇಲೆ ಮಾಡಿಕೊಂಡಿದ್ದಾ ಅನ್ನುವುದನ್ನು ಅಲ್ಲಿ ನೋಡುತ್ತಾರೆ. ಹಳೇ ಬಾಡಿಗೆ ರಸೀದಿ, ಗ್ಯಾಸ್ ಬಿಲ್, ಆ ವಿಳಾಸಕ್ಕೆ ಬಂದ ಶಾಲೆಯ ಪತ್ರ, ಎಲ್ಲವೂ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಖಾಲಿ ಮಾಡುವ ದಿನ

ಸಾಮಾನು ಲಾರಿಗೆ ಹೋದ ಮೇಲೆ ಖಾಲಿ ಮನೆಯ ವಿಡಿಯೋ ಮಾಡಿ. ಪ್ರತಿ ರೂಮು, ಬಚ್ಚಲು, ಸಿಂಕಿನ ಕೆಳಗೆ, ಕಿಟಕಿ ಗಾಜು. ಕರೆಂಟ್ ಮೀಟರ್‌ನ ಓದು ಕಾಣುವ ಹಾಗೆ ಒಂದು ಫೋಟೋ. ಕೊನೆಯ ಬಿಲ್ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಆ ಮೀಟರಿಗೆ ಜೋಡಿಸಿದ್ದರೆ ಅದನ್ನು ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ತೊಂದರೆ ಆಗುತ್ತದೆ.

ಬೀಗದ ಕೈ ಮತ್ತು ಅಡ್ವಾನ್ಸ್ ಒಂದೇ ಹೊತ್ತಿಗೆ ಕೈ ಬದಲಾಗಲಿ. "ಬೀಗ ಕೊಟ್ಟು ಹೋಗಿ, ಸಂಜೆ ಹಾಕ್ತೀನಿ" ಅಂದರೆ, ಕೂತು ಚಹಾ ಕುಡಿಯುತ್ತಾ ಈಗಲೇ ಹಾಕಿಸಿಕೊಳ್ಳಿ. ದೊಡ್ಡ ಮೊತ್ತವಾದರೂ ಬ್ಯಾಂಕಿನಿಂದ ಬ್ಯಾಂಕಿಗೆ ಐದು ನಿಮಿಷದ ಕೆಲಸ. ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬಂದ ಮೇಲೆ, ಒಂದು ಹಾಳೆಯಲ್ಲಿ "ಇಂದು ಮನೆ ಖಾಲಿ ಮಾಡಿ ಮೂರು ಬೀಗದ ಕೈ ಕೊಟ್ಟಿದ್ದೇನೆ, ಅಡ್ವಾನ್ಸ್ ಪೂರ್ತಿ ಬಂದಿದೆ, ಬಾಡಿಗೆ ಬಾಕಿ ಇಲ್ಲ" ಅಂತ ಬರೆದು ಇಬ್ಬರೂ ಸಹಿ ಮಾಡಿ, ಇಬ್ಬರೂ ಫೋಟೋ ತೆಗೆದುಕೊಳ್ಳಿ.